ಮೇಜಿನಡಿಯ ಬಾಂಬು, ಬ್ಯಾಂಕಿನ ಸಾಲ

ಅಮೆರಿಕದ ಫೀನಿಕ್ಸ್ ನಗರದ ಕಚೇರಿಯೊಂದರಲ್ಲಿ ಯಜಮಾನನು ತನ್ನ ಉದ್ಯೋಗಿ ಹೆಣ್ಣುಮಗಳ ಕೈಗೆ 40,000 ಡಾಲರ್ ನಗದು ಕೊಟ್ಟು, ಬ್ಯಾಂಕಿನಲ್ಲಿಟ್ಟು ಬಾ ಎನ್ನುತ್ತಾನೆ. ಹಣ ಬ್ಯಾಂಕಿಗೆ ತಲಪುವುದೇ ಇಲ್ಲ. 1960ರ 'ಸೈಕೋ' ಚಿತ್ರದ ಕಥೆ ಬಿಚ್ಚಿಕೊಳ್ಳುವುದು ಹೀಗೆ. ಕೌಂಟರಿನ ಒಳಗೆ ಕುಳಿತು ಪರರ ಹಣ ಎಣಿಸುವ ನನ್ನಂಥವನ ಎದೆ ಧಸಕ್ಕೆನ್ನಲು ಇಷ್ಟು ಸಾಕು. ಆದರೆ ಆ ಚಿತ್ರದ ಹಿಂದಿನ ಲೆಕ್ಕಾಚಾರವೂ ಅಷ್ಟೇ ಕುತೂಹಲದ್ದು.

ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1899ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಕೇಬಲ್ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿದ್ದವರು ಮೂಕಿಚಿತ್ರಗಳಿಗೆ ಬರಹದ ಫಲಕ ರಚಿಸುತ್ತ ಚಿತ್ರರಂಗ ಸೇರಿದರು. 1939ರಲ್ಲಿ ನಿರ್ಮಾಪಕ ಸೆಲ್ಜ್‌ನಿಕ್ಕರ ಕರಾರಿನಂತೆ ಹಾಲಿವುಡ್ಡಿಗೆ ಹೋದರು. 'ರೆಬೆಕಾ' (1940) ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದಾಗ ಪ್ರಶಸ್ತಿ ಸಂದದ್ದು ನಿರ್ಮಾಪಕರಿಗೆ. ಸೆಲ್ಜ್‌ನಿಕ್ ಇವರನ್ನು ಇತರ ಕಂಪೆನಿಗಳಿಗೆ ಎರವಲು ಕೊಟ್ಟು, ಸಂಬಳ ಕಳೆದು ಮಿಕ್ಕ ಹಣವನ್ನು ತಾವೇ ಇರಿಸಿಕೊಳ್ಳುತ್ತಿದ್ದರು. ಕರಾರು ತೀರಿದ ಮೇಲೆ ಹಿಚ್‌ಕಾಕ್ ಪಾಲುದಾರರೊಬ್ಬರೊಡನೆ ಸ್ವಂತ ಸಂಸ್ಥೆ ಕಟ್ಟಿದರು. 'ಅಂಡರ್ ಕ್ಯಾಪ್ರಿಕಾರ್ನ್' (1949) ನೆಲಕಚ್ಚಿತು; ಸಾಲ ಕೊಟ್ಟ ಬ್ಯಾಂಕು ಚಿತ್ರವನ್ನೇ ವಶಪಡಿಸಿಕೊಂಡಿತು.

1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಅವರೊಡನೆ ದಿನಗಟ್ಟಲೆ ನಡೆದ ಮಾತುಕತೆ 1966ರಲ್ಲಿ ಪುಸ್ತಕವಾಯಿತು. ಅದರಲ್ಲಿ ಹಿಚ್‌ಕಾಕ್ ತಮ್ಮ ಕಸುಬಿನ ಗುಟ್ಟನ್ನು ಬಿಡಿಸಿಟ್ಟಿದ್ದಾರೆ. ಮೇಜಿನಡಿಯ ಬಾಂಬು ಹಠಾತ್ತನೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಬೆರಗು. ಬಾಂಬು ಇದೆಯೆಂದು ಅವನಿಗೆ ಮೊದಲೇ ತಿಳಿದಿದ್ದು, ಮೇಜಿನ ಬಳಿ ಕುಳಿತವರಿಗೆ ತಿಳಿಯದಿದ್ದರೆ ಹದಿನೈದು ನಿಮಿಷದ ತಳಮಳ. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರಲಾರನೆಂದು ಗೊತ್ತಿದ್ದೂ ನಾವು ನಿದ್ದೆಗೆಟ್ಟು ಕೂರುವುದಿಲ್ಲವೇ?

ತಮ್ಮ ತಪ್ಪನ್ನೂ ಅವರು ಮುಚ್ಚಿಡಲಿಲ್ಲ. 'ಸಾಬೋಟಾಜ್' (1936) ಚಿತ್ರದಲ್ಲಿ ಅರಿಯದೆ ಬಾಂಬು ಹೊತ್ತ ಬಾಲಕ ಬಸ್ಸಿನಲ್ಲಿ ಸಾಯುತ್ತಾನೆ. ಅಷ್ಟು ಹೊತ್ತು ಆತಂಕಪಟ್ಟ ಪ್ರೇಕ್ಷಕನಿಗೆ ಬಿಡುಗಡೆ ಕೊಡದಿದ್ದುದು ತಪ್ಪೆಂದು ಅವರು ಒಪ್ಪಿಕೊಂಡರು.

'ಸೈಕೋ' ಕಥೆ ಪ್ಯಾರಮೌಂಟ್ ಕಂಪೆನಿಗೆ ರುಚಿಸಲಿಲ್ಲ. ಹಿಚ್‌ಕಾಕ್ ತಾವೇ ಬಂಡವಾಳದ ಹೊಣೆ ಹೊತ್ತರು; ಸಂಭಾವನೆಯನ್ನು ಮುಂದೂಡಿ ಚಿತ್ರದ ಒಡೆತನದಲ್ಲಿ ಶೇಕಡಾ 60 ಪಾಲು ಕೇಳಿದರು. ತಮ್ಮ ಟೆಲಿವಿಷನ್ ತಂಡವನ್ನೇ ಹೆಚ್ಚಾಗಿ ಬಳಸಿ, ಕಪ್ಪು-ಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರಿನಲ್ಲಿ ಕೆಲಸ ಮುಗಿಸಿದರು. ನಾಯಕಿ ನಡುವಿನಲ್ಲೇ ಕೊಲೆಯಾಗುವ ಕಾರಣ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದರು. ಜನ ಸಾಲುಗಟ್ಟಿ ನಿಂತರು. ಎರವಲು ಹೋಗುತ್ತಿದ್ದ ನಿರ್ದೇಶಕ ಆ ಒಂದು ಚಿತ್ರದಿಂದ ಸಿರಿವಂತನಾದ.

ಜನ ಬಾರದೆ ಹೋಗಿದ್ದರೆ 1949ರ ಕಥೆಯೇ ಮರುಕಳಿಸುತ್ತಿತ್ತು. ಇದು ನಮ್ಮ ಕಡೆ ಮೇಳ ಕಟ್ಟಿದವರ ಮನೆಯವರಿಗೂ ಗೊತ್ತಿರುವ ಮಾತು: ಆಟ ನೋಡುವವರ ಆತಂಕ ಬೆಳಗಾದರೆ ತೀರುತ್ತದೆ, ಆಡಿಸುವವನದು ಲೆಕ್ಕ ಚುಕ್ತಾ ಆದ ಮೇಲೆಯೇ.