ಬೆಂಕಿ ಬಿದ್ದ ಗರಡಿಮನೆ

ಶಾಲೆಯ ಪ್ರವಾಸದಲ್ಲಿ ನಾವು ನೋಡಿದ ಮ್ಯೂಸಿಯಂಗಳಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ‘ಮುಟ್ಟಬೇಡಿ’ ಎಂಬ ಫಲಕ. ಮುಟ್ಟದೆ ಕಲಿಯುವುದು ಹೇಗೆ ಎಂದು ಮೇಷ್ಟ್ರನ್ನು ಕೇಳುವ ಧೈರ್ಯ ಆಗ ಇರಲಿಲ್ಲ. ಇಟಲಿಯ ನೇಪಲ್ಸ್ ನಗರದಲ್ಲಿ ಒಬ್ಬ ಭೌತಶಾಸ್ತ್ರದ ಮೇಷ್ಟ್ರೇ ಆ ಪ್ರಶ್ನೆ ಎತ್ತಿದರು. ಅವರ ಹೆಸರು ವಿಟ್ಟೋರಿಯೋ ಸಿಲ್ವೆಸ್ಟ್ರಿನಿ. ಅವರು ಕಟ್ಟಿದ ‘ಚಿತ್ತಾ ದೆಲ್ಲಾ ಶಿಯೆನ್ಸಾ’, ಅಂದರೆ ವಿಜ್ಞಾನ ನಗರ, ಇರುವುದು ಒಂದು ಹಳೆಯ ಗೊಬ್ಬರದ ಕಾರ್ಖಾನೆಯ ಜಾಗದಲ್ಲಿ.

ಜಾಗದ ಹೆಸರು ಬಾನ್ಯೋಲಿ. ನೇಪಲ್ಸ್‌ನ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿದೆ. ಇಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲೇ ರಾಸಾಯನಿಕ ಕಾರ್ಖಾನೆಯೊಂದು ಶುರುವಾಗಿತ್ತು. ಅದೇ ಮುಂದೆ ಗೊಬ್ಬರದ ಕಾರ್ಖಾನೆಯಾಯಿತು. 1910ರಲ್ಲಿ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬಂತು. ಆಮೇಲೆ ಸಿಮೆಂಟು, ಕಲ್ನಾರು. ಸಾವಿರಾರು ಮನೆಗಳ ಒಲೆ ಉರಿದದ್ದು ಇವುಗಳಿಂದಲೇ. ಕಡಲ ನೀರು, ದಂಡೆಯ ಮಣ್ಣು ಕೆಟ್ಟದ್ದೂ ಇವುಗಳಿಂದಲೇ. 1990ರ ಅಕ್ಟೋಬರಿನಲ್ಲಿ ಉಕ್ಕಿನ ಕುಲುಮೆ ಆರಿತು. ಆ ಕಾರ್ಖಾನೆಯ ಯಂತ್ರಗಳನ್ನು ಕಳಚಿ ಮಾರಿದ ಕಾಲವನ್ನೇ ಎರ್ಮಾನ್ನೊ ರೆಯಾ 2002ರಲ್ಲಿ ‘ಲಾ ದಿಸ್ಮಿಸ್ಸಿಯೋನೆ’ ಎಂಬ ಕಾದಂಬರಿಯಾಗಿಸಿದರು.

ಸಿಲ್ವೆಸ್ಟ್ರಿನಿ 1987ರಲ್ಲೇ ‘ಫುತೂರೋ ರೆಮೋತೋ’ ಹೆಸರಿನ ವಿಜ್ಞಾನ ಜಾತ್ರೆ ಶುರುಮಾಡಿದ್ದರು. ಜಾತ್ರೆಗೆ ಒಂದು ಕಾಯಂ ನೆಲೆ ಬೇಕಿತ್ತು. ಆಯ್ದುಕೊಂಡದ್ದು ಕೆಲಸ ಕಳೆದುಕೊಂಡವರ ಬಾನ್ಯೋಲಿಯನ್ನು. ವಿಜ್ಞಾನ ಮಕ್ಕಳ ಬೆರಗಿಗಷ್ಟೇ ಅಲ್ಲ, ಊರಿಗೆ ಹೊಸ ದುಡಿಮೆ ತರುವುದಕ್ಕೂ ಆಗಬೇಕು ಎಂಬುದು ಅವರ ಹಟ. ಹಾಗಾಗಿ ಮ್ಯೂಸಿಯಂ ಜೊತೆಗೆ ಹೊಸ ಉದ್ಯಮಗಳಿಗೂ ಜಾಗ ಕೊಟ್ಟರು. ಹಳೆಯ ಗೋಡೆಗಳನ್ನು ಕೆಡವದೆ ಒಳಗೆ ಹೊಸ ಸಭಾಂಗಣಗಳನ್ನು ಮಾಡಿದರು. 1996ರಲ್ಲಿ ಮೊದಲ ಭಾಗ ತೆರೆಯಿತು, 2001ರ ಹೊತ್ತಿಗೆ ಮ್ಯೂಸಿಯಂ ಪೂರ್ತಿಯಾಯಿತು. ಕೈಯಿಂದ ಆಡಿಸಿ ನೋಡುವ ವಿಭಾಗಕ್ಕೆ ಅವರಿಟ್ಟ ಹೆಸರು ‘ವಿಜ್ಞಾನದ ಪಲೆಸ್ತ್ರಾ’. ನಮ್ಮ ಮಾತಿನಲ್ಲಿ ಗರಡಿಮನೆ. ಗರಡಿಯಲ್ಲಿ ಕೂತು ನೋಡಿದವನು ಪೈಲ್ವಾನ ಆಗುವುದಿಲ್ಲವಲ್ಲ! ಚಿಕ್ಕ ಮಕ್ಕಳಿಗೆ ಬೇರೆಯದೇ ಕಮ್ಮಟವಿತ್ತು, ತಾರಾಲಯವೂ ಇತ್ತು. ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಜನ ಬರುತ್ತಿದ್ದರು.

2013ರ ಮಾರ್ಚ್ 4, ಸೋಮವಾರ. ಮ್ಯೂಸಿಯಂಗೆ ವಾರದ ರಜೆ. ರಾತ್ರಿ ಬೆಂಕಿ ಎದ್ದಿತು, ಅದೂ ಒಂದೇ ಕಡೆಯಲ್ಲ. ಬೆಳಗಾಗುವಷ್ಟರಲ್ಲಿ ಸುಮಾರು 12,000 ಚದರ ಮೀಟರ್ ಸುಟ್ಟು ಹೋಗಿತ್ತು. ಗರಡಿಮನೆ, ತಾರಾಲಯ, ಮಕ್ಕಳ ಕಮ್ಮಟ ಎಲ್ಲವೂ ಬೂದಿ. ಉಳಿದದ್ದು ಕಾರ್ಖಾನೆಯ ಕಾಲದ ಕಲ್ಲಿನ ಗೋಡೆಗಳು ಮತ್ತು ರಂಗಮಂದಿರ. ಒಳಗೆ ಯಾರೂ ಇರದಿದ್ದುದರಿಂದ ಜೀವ ಹೋಗಲಿಲ್ಲ. ಆದರೆ ಅಲ್ಲಿನ ಸುಮಾರು 160 ನೌಕರರಿಗೆ ಅದಾಗಲೇ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಈಗ ಕೆಲಸ ಮಾಡುವ ಜಾಗವೂ ಹೋಯಿತು. ಇದು ಬೇಕಂತಲೇ ಹಚ್ಚಿದ ಬೆಂಕಿ ಎಂದು ತನಿಖೆ ಹೇಳಿತು.

ಮುಂದಿನ ಭಾನುವಾರ ಸಾವಿರಾರು ಜನ ಸುಟ್ಟ ಗೋಡೆಗಳ ಮುಂದೆ ಸೇರಿದರು. ನಮಗೆ ಈ ಚರಿತ್ರೆಯಲ್ಲಿ ಅತಿ ಮುಖ್ಯ ಅನಿಸುವುದು ಈ ದಿನವೇ. ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರು ಬೀದಿಗೆ ಬರುವುದು ಸಹಜ, ಅದು ಅನ್ನದ ಪ್ರಶ್ನೆ. ಮ್ಯೂಸಿಯಂ ಸುಟ್ಟಿತೆಂದು ಒಂದು ಊರು ಬೀದಿಗೆ ಬಂದದ್ದನ್ನು ನಾವು ಬೇರೆಲ್ಲೂ ಓದಿಲ್ಲ.

ಸರಿಯಾಗಿ ನಾಲ್ಕು ವರ್ಷದ ಮೇಲೆ, 2017ರ ಮಾರ್ಚ್ 4ರಂದೇ, ‘ಕೊರ್ಪೊರೆಯಾ’ ತೆರೆಯಿತು. ಮನುಷ್ಯನ ದೇಹವನ್ನೇ ಆಡಿ ಅರಿಯುವ ಮ್ಯೂಸಿಯಂ ಅದು. ಹೊಸ ತಾರಾಲಯವೂ ಬಂತು.

ಆದರೆ ಕಡಲ ಬದಿಯ ತಕರಾರು ಬೇರೆಯದು. ಕಾರ್ಖಾನೆಗಳು ಹೋದ ಮೇಲೆ ದಂಡೆ ಜನರಿಗೆ ವಾಪಸ್ಸು ಸಿಗಬೇಕು, ಅಲ್ಲಿ ಮತ್ತೆ ಕಟ್ಟಡ ಏಳಬಾರದು ಎಂಬ ವಾದ ಹಳೆಯದು. ಅದರಲ್ಲಿ ನ್ಯಾಯವಿದೆ ಎಂದು ನಮಗೂ ಅನಿಸುತ್ತದೆ. ಸುಟ್ಟವರಿಗೆ ಅದೇ ಲಾಭವಾದರೆ ಎಂಬ ಕಸಿವಿಸಿಯೂ ಆಗುತ್ತದೆ. ಕೊರ್ಪೊರೆಯಾ ಎದ್ದದ್ದು ರಸ್ತೆಯ ಒಳಬದಿಯಲ್ಲಿ. ಸುಟ್ಟ ಮ್ಯೂಸಿಯಂ ಇದ್ದದ್ದು ರಸ್ತೆಯಾಚೆ, ಕಡಲಿನ ಕಡೆಗೆ.