ಹೊಳಪಿನ ಲೆಕ್ಕ

ಕಳೆದ ತಿಂಗಳು ನಮ್ಮ ಹಳೆಯ ಕಾರಿಗೆ ಪಾಲಿಶ್ ಮಾಡಿಸಲೆಂದು ಕಾಪುವಿನಿಂದ ಮಣಿಪಾಲಕ್ಕೆ ಹೋಗಿದ್ದೆ. ಅಲ್ಲಿ ಕಾರುಗಳ ಮೈತೊಳೆದು ಹೊಳಪು ಕೊಡುವ ಅಂಗಡಿಯೊಂದನ್ನು ನಡೆಸುತ್ತಿರುವವನು ನನ್ನ ಹಳೆಯ ವಿದ್ಯಾರ್ಥಿ. ಈಗಿನವರು ಆ ಉದ್ಯೋಗವನ್ನು ‘ಡಿಟೇಲಿಂಗ್’ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನಿಂದ ಚರಿತ್ರೆಯ ಪಾಠ ಕೇಳಿದ ಈತ ಅಂದು ನನಗೇ ಒಂದು ಪಾಠ ಹೇಳಿದ. ಅಂಗೈಯಗಲದ ಉಪಕರಣವೊಂದನ್ನು ಬಾನೆಟ್ಟಿನ ಮೇಲೆ ಅಲ್ಲಲ್ಲಿ ಇಟ್ಟು, ಅದರಲ್ಲಿ ಮೂಡಿದ ಅಂಕಿಗಳನ್ನು ನೋಡಿ, "ಮಾಷ್ಟ್ರೇ, ಬಾನೆಟ್ಟನ್ನು ಇನ್ನು ಜಾಸ್ತಿ ಉಜ್ಜುವುದು ಬೇಡ. ಪಾಲಿಶ್ ಅಂದರೆ ಹಾಕುವ ಕೆಲಸ ಅಲ್ಲ, ತೆಗೆಯುವ ಕೆಲಸ" ಎಂದ.

ನಾನು ಇದುವರೆಗೆ ತಿಳಿದುಕೊಂಡಿದ್ದುದು ಇದಕ್ಕೆ ತದ್ವಿರುದ್ಧವಾಗಿತ್ತು. ಹೊಳಪೆಂಬುದು ಡಬ್ಬಿಯಲ್ಲಿರುವ ವಸ್ತು, ಅದನ್ನು ಬಳಿದರೆ ಕಾರು ಹೊಳೆಯುತ್ತದೆ ಎಂದೇ ನನ್ನ ಭಾವನೆ. ಗೀರು ಎಂದರೆ ಬಣ್ಣದ ಮೇಲ್ಮೈಯಲ್ಲಿ ಬಿದ್ದ ಒಂದು ತೋಡು. ಬೆಳಕು ಅದರ ಅಂಚುಗಳಿಗೆ ತಗಲಿ ಚದರುವುದರಿಂದ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಮೇಣದ ಪಾಲಿಶ್ ತೋಡನ್ನು ಕೆಲಕಾಲ ತುಂಬಿ ಮರೆಮಾಡಬಹುದು. ನಿಜವಾಗಿ ಅದನ್ನು ಇಲ್ಲವಾಗಿಸಬೇಕಾದರೆ ಸುತ್ತಲಿನ ನೆಲವನ್ನೆಲ್ಲ ತೋಡಿನ ಆಳದವರೆಗೆ ತಗ್ಗಿಸಲೇಬೇಕು. ಈ ಮಾತು ಮನಸ್ಸಿನಲ್ಲಿ ಕುಳಿತ ಮೇಲೆ, ಮನುಷ್ಯನ ಹೊಳಪಿನ ಚರಿತ್ರೆಯನ್ನೇ ಒಮ್ಮೆ ಹಿಂದಿರುಗಿ ನೋಡಬೇಕೆನಿಸಿತು.

ನಮ್ಮ ಜಿಲ್ಲೆಯವರಿಗೆ ಈ ಚರಿತ್ರೆ ಕಾರ್ಕಳದಿಂದ ಆರಂಭವಾಗುವುದು ಸಹಜ. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ 42 ಅಡಿ ಎತ್ತರದ ಗೊಮ್ಮಟನನ್ನು ನಿಮ್ಮಲ್ಲಿ ಬಹುಮಂದಿ ನನ್ನ ಜೊತೆಗೇ ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಬುಡದಲ್ಲಿ ನಿಂತು ನೋಡುವವನಿಗೆ ಆ ವಿಶಾಲ ವಕ್ಷಸ್ಥಳದ ಮೇಲೆ ಉಳಿಯ ಏಟು ಕಾಣಿಸದು. ಉಳಿ ಬಿಟ್ಟ ಗುರುತನ್ನು ಉಜ್ಜಿ ತೆಗೆದ ಮೇಲೆ ಉಳಿಯುವ ನುಣುಪು ಅದು. ಅದೇ ಊರಿನಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು 1967ರಿಂದ 1973ರ ತನಕ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿಸುತ್ತಿದ್ದಾಗ ನಾನು ಎಳೆಯ ಉಪಾಧ್ಯಾಯ. ಬಸ್ಸಿಳಿದು ಹೋಗಿ ಆ ಕೆಲಸವನ್ನು ಎರಡು ಮೂರು ಬಾರಿ ನೋಡಿದ್ದೇನೆ. ಶಿಲ್ಪಿ ಕಲ್ಲಿಗೆ ಏನನ್ನೂ ಸೇರಿಸುವುದಿಲ್ಲ, ಕಳೆಯುತ್ತಾನೆ ಎಂದು ಅಂದು ತರಗತಿಯಲ್ಲಿ ಗಂಭೀರವಾಗಿ ಹೇಳಿದ್ದೂ ನೆನಪಿದೆ. ಆದರೆ ಅದೇ ನಿಯಮ ನಿತ್ಯದ ವಸ್ತುಗಳಿಗೂ ಅನ್ವಯಿಸುತ್ತದೆಂದು ನನಗೆ ಹೊಳೆದಿರಲಿಲ್ಲ.

ಕಲ್ಲನ್ನು ಉಜ್ಜಲು ಕಲ್ಲಿಗಿಂತ ಗಟ್ಟಿಯಾದ ಪುಡಿ ಬೇಕು. ನಮ್ಮ ದಕ್ಷಿಣ ದೇಶದಲ್ಲಿ ಅಂಥದೊಂದು ಖನಿಜ ಹೇರಳವಾಗಿ ಸಿಗುತ್ತಿತ್ತು. ಸಂಸ್ಕೃತದಲ್ಲಿ ಕುರುವಿಂದ, ತಮಿಳಿನಲ್ಲಿ ಕುರುಂದಂ. ಗಟ್ಟಿತನದಲ್ಲಿ ವಜ್ರಕ್ಕೆ ಹತ್ತು ಅಂಕಗಳಾದರೆ ಇದಕ್ಕೆ ಒಂಬತ್ತು. ಮಾಣಿಕ್ಯ ಮತ್ತು ನೀಲಮಣಿಗಳು ಇದರದೇ ಕುಲದವು. ಇಂಗ್ಲಿಷರ ‘ಕೊರಂಡಂ’ ಎಂಬ ಶಬ್ದ ನಮ್ಮ ಈ ಕುರುಂದದಿಂದಲೇ ಹುಟ್ಟಿದ್ದು. ಚಾರ್ಲ್ಸ್ ಗ್ರೆವಿಲ್ ಎಂಬಾತ 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಈ ಕಲ್ಲಿನ ಕುರಿತು ಪ್ರಬಂಧವನ್ನೇ ಬರೆದ. ಮುಂದೆ 1890ರ ದಶಕದ ಆರಂಭದಲ್ಲಿ ಅಮೆರಿಕದ ಅಚೆಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಹೊಸದೊಂದು ಗಟ್ಟಿ ವಸ್ತುವನ್ನು ತಯಾರಿಸಿ, ಅದು ಇಂಗಾಲ ಮತ್ತು ಕೊರಂಡಂಗಳ ಕೂಟವೆಂದು ತಪ್ಪಾಗಿ ಊಹಿಸಿ ‘ಕಾರ್ಬೊರಂಡಂ’ ಎಂದು ಹೆಸರಿಟ್ಟ. 1954ರಲ್ಲಿ ಮದರಾಸಿನಲ್ಲಿ ಆರಂಭವಾದ ಕಂಪೆನಿಯೊಂದರ ಹೆಸರಿನಲ್ಲಿ ಅದೇ ಶಬ್ದ ಮರಳಿ ತನ್ನ ತವರಿಗೆ ಬಂತು. ಇಂದು ನನ್ನ ವಿದ್ಯಾರ್ಥಿಯ ಅಂಗಡಿಯಲ್ಲಿರುವ ಪಾಲಿಶ್ ಸೀಸೆಗಳಲ್ಲಿ ಬಹುತೇಕ ಇರುವುದು ಅಲ್ಯುಮಿನಿಯಂ ಆಕ್ಸೈಡಿನ ಅತಿ ನವುರಾದ ಪುಡಿ. ರಾಸಾಯನಿಕವಾಗಿ ಅದು ಕುರುವಿಂದವೇ.

ಕಾರಿನ ಬಣ್ಣದ ಕತೆ ಇಷ್ಟು ಹಳೆಯದಲ್ಲ. ಮೊದಮೊದಲು ಕುದುರೆಗಾಡಿಗೆ ಬಳಿಯುತ್ತಿದ್ದ ವಾರ್ನಿಷನ್ನೇ ಕಾರಿಗೂ ಪದರಪದರವಾಗಿ ಬಳಿಯುತ್ತಿದ್ದರು. ಅದು ಒಣಗಲು ವಾರಗಳು ಹಿಡಿಯುತ್ತಿದ್ದವು. ಫೋರ್ಡನ ಮಾಡೆಲ್ ಟಿ ಕಾರು 1914ರಿಂದ 1925ರ ತನಕ ಕಪ್ಪು ಬಣ್ಣವೊಂದರಲ್ಲೇ ಬರುತ್ತಿದ್ದುದನ್ನು ನೀವು ಕೇಳಿರಬಹುದು. ಜನರಲ್ ಮೋಟರ್ಸ್ ಮತ್ತು ಡ್ಯುಪಾಂಟ್ ಸೇರಿ ಸಿದ್ಧಪಡಿಸಿದ ‘ಡ್ಯೂಕೊ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಲ್ಲಿ ಬಂದಾಗ ಒಣಗುವ ಅವಧಿ ವಾರಗಳಿಂದ ಗಂಟೆಗಳಿಗಿಳಿಯಿತು. ನಮ್ಮ ಮರದ ಕೆಲಸದವರು ಇಂದಿಗೂ ‘ಡ್ಯೂಕೋ ಪೈಂಟ್’ ಎನ್ನುವುದು ಈ ಹೆಸರಿನ ಪಳೆಯುಳಿಕೆ. ಆ ಬಣ್ಣ ಬೇಗ ಒಣಗುತ್ತಿತ್ತು, ಆದರೆ ಹೊಳೆಯಬೇಕಾದರೆ ಅದನ್ನು ಉಜ್ಜಬೇಕಾಗಿತ್ತು. ರಬ್ಬಿಂಗ್ ಕಾಂಪೌಂಡ್ ಗ್ಯಾರೇಜುಗಳಲ್ಲಿ ಕಾಯಂ ಆದುದು ಹೀಗೆ.

1986ರಲ್ಲಿ ನಾನು ಉಡುಪಿಯಲ್ಲಿ ಕೊಂಡ ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ನಿಮ್ಮಲ್ಲಿ ಕೆಲವರು ತಳ್ಳಿ ಸ್ಟಾರ್ಟ್ ಮಾಡಿಸಿದ್ದೀರಿ. ವರ್ಷಕ್ಕೊಮ್ಮೆ ಅದಕ್ಕೆ ಪೈಂಟರ್ ಕೈಯಿಂದ ಕಾಂಪೌಂಡ್ ಉಜ್ಜಿಸುತ್ತಿದ್ದೆ. ಅವರ ಕೈಬಟ್ಟೆ ಕಾರಿನ ನೀಲಿಗೇ ತಿರುಗುತ್ತಿತ್ತು. ಕಳೆದುಹೋಗುತ್ತಿದ್ದ ಬಣ್ಣ ಅಂದು ಕಣ್ಣೆದುರಿಗೇ ಬಟ್ಟೆಯಲ್ಲಿರುತ್ತಿತ್ತು. ಅದನ್ನು ಕೊಳೆಯೆಂದು ತಿಳಿದು ನಾನು ಸಂತೋಷಪಡುತ್ತಿದ್ದೆ!

1980ರ ದಶಕದಿಂದೀಚೆಗೆ ಜಗತ್ತಿನ ಕಾರುಗಳಲ್ಲಿ ಬಣ್ಣದ ತೆಳು ಪದರದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಬಣ್ಣರಹಿತ ಪಾರದರ್ಶಕ ಪದರ ಬಂತು. ಹೊಳಪೂ ಬಿಸಿಲಿನಿಂದ ರಕ್ಷಣೆಯೂ ಅದರಿಂದಲೇ. ಕಾರ್ಖಾನೆಯಿಂದ ಬರುವ ಕಾರಿನ ಮೇಲೆ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಪ್ರತಿ ಪಾಲಿಶ್ ಅದರಿಂದ ಕೆಲವು ಮೈಕ್ರಾನುಗಳನ್ನು ಒಯ್ಯುತ್ತದೆ. ಅದಕ್ಕೆ ಬಣ್ಣವಿಲ್ಲವಾದುದರಿಂದ ಬಟ್ಟೆಯಲ್ಲಿ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಆದುದರಿಂದಲೇ ದಪ್ಪವನ್ನು ಅಳೆಯುವ ಆ ಉಪಕರಣ ಬೇಕಾಗಿದೆ.

ಬಳಿಕ ಆತ ತನ್ನ ಯಂತ್ರವನ್ನು ತೋರಿಸಿದ. ಹಳೆಯ ಮಾದರಿಯ ರೋಟರಿ ಯಂತ್ರ ಒಂದೇ ಅಚ್ಚಿನ ಮೇಲೆ ಗರಗರನೆ ತಿರುಗುತ್ತದೆ. ಒಂದೆಡೆ ತುಸು ಹೆಚ್ಚು ಹೊತ್ತು ನಿಂತರೆ ಬಿಸಿಯೇರಿ, ಏಣುಗಳಲ್ಲಿ ಬಣ್ಣ ಸುಟ್ಟೇಹೋಗುತ್ತದೆ. ಈತನದು ‘ಡ್ಯುಯಲ್ ಆ್ಯಕ್ಷನ್ ಪಾಲಿಶರ್’. ಇದರ ಚಲನೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಅಡುಗೆಮನೆಯ ಕಡೆಯುವ ಕಲ್ಲನ್ನು ನೆನೆದರೆ ಸಾಕು. ಗುಂಡು ಗುಳಿಯಲ್ಲಿ ಸುತ್ತು ಬರುತ್ತ ಬರುತ್ತ ಕೈಯೊಳಗೆ ತಾನೂ ತಿರುಗುತ್ತದಲ್ಲವೇ? ಹಾಗೆಯೇ ಇಲ್ಲಿ ಪ್ಯಾಡು ಕೇಂದ್ರದಿಂದ ತುಸು ಸರಿದು ಸುತ್ತುತ್ತ, ಜೊತೆಗೆ ತನ್ನಷ್ಟಕ್ಕೆ ತಿರುಗುತ್ತದೆ. ಅತಿಯಾಗಿ ಒತ್ತಿದರೆ ತಿರುಗುವುದನ್ನು ನಿಲ್ಲಿಸಿ ಬರಿದೆ ಅಲುಗುತ್ತದೆ. ಆದುದರಿಂದ ಬಿಸಿಯೇರುವ ಅಪಾಯ ಕಡಿಮೆ. ಅದಕ್ಕೆ ಜೋಡಿಸುವ ಫೋಮ್ ಪ್ಯಾಡುಗಳಲ್ಲಿಯೂ ತರತಮವಿದೆ. ಗಡಸಾದುದು ಹೆಚ್ಚು ಕೀಳುತ್ತದೆ, ಮೆತ್ತನೆಯದು ಕೊನೆಯ ಹೊಳಪಿಗೆ. ಮೊದಲು ಒಂದು ಮೂಲೆಯಲ್ಲಿ ಮೆತ್ತನೆಯದನ್ನೇ ಪ್ರಯೋಗಿಸಿ, ಅದು ಸಾಲದಿದ್ದರೆ ಮಾತ್ರ ಗಡಸಿನದಕ್ಕೆ ಹೋಗಬೇಕೆಂಬುದು ಈ ಉದ್ಯೋಗದ ನೀತಿ.

ಕಾಪುವಿನಲ್ಲಿ, 1901ರ ನಮ್ಮ ದೀಪಸ್ತಂಭದ ಆಸುಪಾಸಿನಲ್ಲಿ, ಕಾರಿಟ್ಟುಕೊಂಡವರಿಗೆ ಕಡಲಿನ ಉಪ್ಪುಗಾಳಿ, ಮಳೆಗಾಲದ ಪಾಚಿ, ಬೇಸಗೆಯ ಮುರಕಲ್ಲಿನ ಕೆಂಪುಧೂಳು ಎಲ್ಲವೂ ಪರಿಚಿತ. ಆ ಧೂಳನ್ನು ಒಣಬಟ್ಟೆಯಿಂದ ಒರೆಸುವುದೇ ಗೀರುಗಳಿಗೆ ಮೂಲವಂತೆ. ನಾನು ಹತ್ತು ವರ್ಷ ದಿನವೂ ಬೆಳಿಗ್ಗೆ ಒಣಬಟ್ಟೆಯಿಂದಲೇ ಒರೆಸಿದೆ, ಆ ಗೀರು ಹೋಗಲಾಡಿಸಲು ಗ್ಯಾರೇಜೊಂದರಲ್ಲಿ ವರ್ಷವರ್ಷವೂ ಪಾಲಿಶ್ ಮಾಡಿಸಿದೆ. ಪರಿಣಾಮವಾಗಿ ಮಾಡಿನಲ್ಲಿ 115 ತೋರಿಸಿದ ಉಪಕರಣ ಬಾನೆಟ್ಟಿನಲ್ಲಿ 84 ತೋರಿಸಿತು.

ಆ ಅಂಕಿಯನ್ನು ನೋಡಿದಾಗ ನನಗೆ ನೆನಪಾದುದು ಕಾರಲ್ಲ, ನಮ್ಮ ಶಾಲೆಯ ಕಂಚಿನ ಗಂಟೆ. ಇನ್‌ಸ್ಪೆಕ್ಷನ್ ಬರುವ ಮುನ್ನಾದಿನ ಅದನ್ನು ಹುಣಿಸೆಹುಳಿ ಮತ್ತು ಇಟ್ಟಿಗೆಪುಡಿಯಿಂದ, ಅನಂತರದ ವರ್ಷಗಳಲ್ಲಿ ಬ್ರಾಸೋದಿಂದ ತಿಕ್ಕಿಸುತ್ತಿದ್ದವನು ನಾನು. ತಿಕ್ಕಿದವರು ನೀವು. ನಾನು ಸೇರಿದಾಗ ಅದರ ಅಂಚಿನಲ್ಲಿ ದಾನಿಯ ಹೆಸರು, ಊರು, ವರ್ಷ ಓದುವಂತಿದ್ದವು. ಇಪ್ಪತ್ತು ವರ್ಷಗಳಲ್ಲಿ ಯಾವ ದಿನವೂ ಅಕ್ಷರ ಅಳಿಯುವುದು ನಮಗೆ ಕಾಣಲಿಲ್ಲ. 1994ರಲ್ಲಿ ಮುಂಬಯಿಯಿಂದ ವೃದ್ಧರೊಬ್ಬರು ಬಂದರು. ತಮ್ಮ ಅಜ್ಜ ಕೊಟ್ಟ ಗಂಟೆಯನ್ನೂ ಅದರಲ್ಲಿರುವ ಹೆಸರನ್ನೂ ಒಮ್ಮೆ ನೋಡಬೇಕೆಂದರು. ಗಂಟೆ ಬಂಗಾರದಂತೆ ಹೊಳೆಯುತ್ತಿತ್ತು. ಹೆಸರಿದ್ದಲ್ಲಿ ಎರಡು ಮೂರು ಗೆರೆಗಳಷ್ಟೆ ಇದ್ದವು. ಅವರು ಅಂಚಿನ ಮೇಲೆ ಬೆರಳಾಡಿಸಿ, "ಭಾರಿ ಚಂದ ನೋಡಿಕೊಂಡಿದ್ದೀರಿ" ಎಂದು ಹೇಳಿ ಹೋದರು. ಅವರು ವ್ಯಂಗ್ಯವಾಗಿ ಹೇಳಿದವರಲ್ಲ. ಆದುದರಿಂದಲೇ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಶಾಸನಗಳ ಮಹತ್ತ್ವವನ್ನು ಮಕ್ಕಳಿಗೆ ಬೋಧಿಸುತ್ತಿದ್ದ ಚರಿತ್ರೆಯ ಅಧ್ಯಾಪಕ ತನ್ನ ತಲೆಯ ಮೇಲೆ ತೂಗುತ್ತಿದ್ದ ಶಾಸನವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಮೊದಲೇ ಅಳಿಸಿಹಾಕಿದ್ದ.

ಬಾನೆಟ್ಟಿನ ಎರಡು ಆಳದ ಗೀರುಗಳನ್ನು ಹಾಗೆಯೇ ಬಿಡಲು ನಾನು ಒಪ್ಪಿದೆ. ಆತ ಮೆತ್ತನೆಯ ಪ್ಯಾಡಿನಿಂದ ಒಂದೇ ಸುತ್ತು ಆಡಿಸಿ, ಮೇಲೆ ಮೇಣ ಹಚ್ಚಿ ಕಳುಹಿಸಿಕೊಟ್ಟ. ಈಗ ಬೆಳಿಗ್ಗೆ ಮೊದಲು ನೀರು ಹೊಯ್ದು, ಆಮೇಲಷ್ಟೆ ಒರೆಸುತ್ತೇನೆ.

ಕೊನೆಯಲ್ಲಿ ನಿಮ್ಮಲ್ಲೊಂದು ಕೋರಿಕೆ. 1970ರ ದಶಕದಲ್ಲಿ ಪ್ರತಿ ತಂಡದ ಬೀಳ್ಕೊಡುಗೆಯ ಫೋಟೋವನ್ನು ಆಫೀಸಿನ ಎದುರಿನ ಜಗಲಿಯಲ್ಲೇ ತೆಗೆಸುತ್ತಿದ್ದೆವು. ಹಿಂದಿನ ಸಾಲಿನವರ ತಲೆಯ ಮೇಲೆ ಗಂಟೆ ಕಾಣಿಸುತ್ತಿತ್ತು. ಅಂಥ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಬೂದುಗಾಜು ಹಿಡಿದು ಅದರ ಅಂಚನ್ನೊಮ್ಮೆ ನೋಡಿ. ಒಂದೆರಡು ಅಕ್ಷರ ಸಿಕ್ಕಿದರೂ ನನಗೆ ತಿಳಿಸಿ. ಫೋಟೋವನ್ನು ಮಾತ್ರ ದಯವಿಟ್ಟು ಒರೆಸಬೇಡಿ.