ಇಪ್ಪತ್ತು ಸಾವಿರಕ್ಕೆ ಹೆದರಬೇಕು ಅಂತ ಹೇಳಿದ್ದು ಯಾರು? ಪ್ಲೇಟ್‌ಲೆಟ್ ಲೆಕ್ಕದ ಚರಿತ್ರೆ

 

ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ರಕ್ತದ ರಿಪೋರ್ಟ್ ಬರುತ್ತೆ ಅಂದ್ಕೊಳ್ಳಿ. ರಕ್ತದ ಕ್ಯಾನ್ಸರ್‌ಗೆ ಕಿಮೊ ತಗೊಳ್ತಾ ಇರೋ ದೊಡ್ಡಪ್ಪನದ್ದೋ, ಅತ್ತೆಯದ್ದೋ. ಅದರಲ್ಲಿ ಒಂದು ಸಾಲು: ಪ್ಲೇಟ್‌ಲೆಟ್ 14,000. ಆರೋಗ್ಯವಂತರಿಗೆ ಇರಬೇಕಾದದ್ದು 1.5 ಲಕ್ಷದಿಂದ 4.5 ಲಕ್ಷ. ಎಲ್ಲರಿಗೂ ಗಾಬರಿ. ಡಾಕ್ಟರ್ ಮಾತ್ರ ‘ಇವತ್ತು ಹಾಕೋದು ಬೇಡ, ನಾಳೆ ನೋಡೋಣ’ ಅಂತಾರೆ. ಯಾಕೆ ಹಾಗೆ? ಎಷ್ಟಕ್ಕೆ ಇಳಿದರೆ ಅಪಾಯ? ಆ ಗೆರೆ ಎಳೆದಿದ್ದು ಯಾರು? ಇವತ್ತಿನ ಕಥೆ ಅದೇ.

ನಮ್ಮ ಕಡೆ ‘ಪ್ಲೇಟ್‌ಲೆಟ್’ ಅನ್ನೋ ಪದ ಮನೆಮನೆಗೆ ಬಂದಿದ್ದು ಡೆಂಗಿ ಜ್ವರದಿಂದ. ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಕಾಯಿಲೆ ಸಿದ್ದಾಪುರದವರಿಗೆ ಹೊಸದೇನಲ್ಲ. ಆದರೆ ಈ ಎರಡೂ ಜ್ವರಗಳಲ್ಲಿ ಇಳಿದ ಲೆಕ್ಕ, ರೋಗಿ ಚೇತರಿಸಿಕೊಂಡಂತೆ ತಾನಾಗಿಯೇ ಮೇಲೆ ಬರುತ್ತೆ. ಪಪ್ಪಾಯಿ ಎಲೆ ರಸಕ್ಕೆ ಸಿಗೋ ಹೆಸರಲ್ಲಿ ದೊಡ್ಡ ಪಾಲು ಹೀಗೆ ಬಂದಿದ್ದು. ರಕ್ತದ ಕ್ಯಾನ್ಸರ್‌ನ ವಿಷಯ ಬೇರೆ. ಅಲ್ಲಿ ಪ್ಲೇಟ್‌ಲೆಟ್ ಹುಟ್ಟೋ ಜಾಗವೇ, ಅಂದರೆ ಮೂಳೆಯೊಳಗಿನ ಮಜ್ಜೆಯೇ ಕೆಲಸ ನಿಲ್ಲಿಸಿರುತ್ತೆ. ಮೊದಲು ಕಾಯಿಲೆಯಿಂದ, ಆಮೇಲೆ ಔಷಧಿಯಿಂದ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

1882. ಇಟಲಿಯ ಟ್ಯೂರಿನ್ ನಗರ. ಜೂಲಿಯೊ ಬಿಝೊಝೆರೊ ಅನ್ನೋ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ರಕ್ತನಾಳವನ್ನ ನೋಡ್ತಾ ಇದ್ದರು. ಕೆಂಪು ಕಣ, ಬಿಳಿ ಕಣ ಎಲ್ಲರಿಗೂ ಗೊತ್ತಿತ್ತು. ಇವರಿಗೆ ಕಂಡಿದ್ದು ಅವೆರಡಕ್ಕಿಂತ ಚಿಕ್ಕದಾದ ತಟ್ಟೆಯಂಥ ಮೂರನೇ ಕಣ. ನಾಳಕ್ಕೆ ಗಾಯವಾದ ಕೂಡಲೇ ಈ ಪುಟ್ಟ ತಟ್ಟೆಗಳು ಓಡಿ ಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತಿದ್ದವು. ತೋಟದ ಕಾಲುವೆ ಒಡೆದಾಗ ಹೆಂಟೆ, ಸೊಪ್ಪು ಒತ್ತಿ ನೀರು ನಿಲ್ಲಿಸ್ತೀವಲ್ಲ, ಹಾಗೆ. ಒಂದೊಂದು ಪ್ಲೇಟ್‌ಲೆಟ್ ಬದುಕೋದು 8ರಿಂದ 10 ದಿನ ಮಾತ್ರ. ಹಾಗಾಗಿ ಮಜ್ಜೆ ದಿನಾ ಹೊಸದನ್ನ ತಯಾರಿಸ್ತಾನೇ ಇರಬೇಕು.

ಮುಂದಿನ ಹೆಜ್ಜೆ 1910ರದ್ದು, ಅಮೆರಿಕದ ಬಾಸ್ಟನ್‌ನಲ್ಲಿ. ವಿಲಿಯಂ ಡ್ಯೂಕ್ ಅನ್ನೋ ವೈದ್ಯರ ಹತ್ತಿರ ಒಬ್ಬ ಯುವಕ ಬಂದ. ಮೂಗಿನ ರಕ್ತ ನಿಲ್ತಾನೇ ಇರಲಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ. ಡ್ಯೂಕ್ ಒಬ್ಬ ದಾನಿಯ ರಕ್ತವನ್ನ ನೇರವಾಗಿ ಅವನಿಗೆ ಕೊಡಿಸಿದರು. ಲೆಕ್ಕ ಏರಿತು, ರಕ್ತ ನಿಂತಿತು. ಕೆಲವೇ ದಿನದಲ್ಲಿ ಲೆಕ್ಕ ಮತ್ತೆ ಇಳಿಯಿತು, ರಕ್ತಸ್ರಾವವೂ ವಾಪಸ್ ಬಂತು. ಅಂದರೆ ಒಬ್ಬರ ಪ್ಲೇಟ್‌ಲೆಟ್ ಇನ್ನೊಬ್ಬರ ಮೈಯಲ್ಲಿ ಕೆಲಸ ಮಾಡುತ್ತೆ, ಆದರೆ ಅದು ಕೆಲವು ದಿನದ ಸಾಲ. ಈ ಎರಡೂ ಸತ್ಯ ಅವತ್ತೇ ಗೊತ್ತಾಗಿತ್ತು.

ಹಾಗಿದ್ರೂ ಮುಂದಿನ ಸುಮಾರು 40 ವರ್ಷ ಇದರಿಂದ ಕ್ಯಾನ್ಸರ್ ರೋಗಿಗಳಿಗೆ ಪ್ರಯೋಜನ ಆಗಲಿಲ್ಲ. ಒಂದು ಕಾರಣ ಬಹಳ ಸಾಮಾನ್ಯವಾದದ್ದು: ಗಾಜು. ಆಗ ರಕ್ತ ತುಂಬಿಡ್ತಾ ಇದ್ದದ್ದು ಗಾಜಿನ ಬಾಟಲಿಯಲ್ಲಿ. ಪ್ಲೇಟ್‌ಲೆಟ್ ಗಾಜಿಗೆ ಅಂಟಿಕೊಂಡು ಹಾಳಾಗುತ್ತೆ. 1950ರ ಹೊತ್ತಿಗೆ ಕಾರ್ಲ್ ವಾಲ್ಟರ್ ಅನ್ನೋ ಶಸ್ತ್ರವೈದ್ಯರು ಪ್ಲಾಸ್ಟಿಕ್ ಚೀಲ ತಂದ ಮೇಲೆ ದಾರಿ ತೆರೆಯಿತು. ಇವತ್ತು ನಾವು ಬ್ಲಡ್ ಬ್ಯಾಂಕ್‌ನಲ್ಲಿ ನೋಡೋ ಚೀಲದ ಮೂಲ ಅದೇ.

ಅದೇ ಕಾಲಕ್ಕೆ ಔಷಧಿಯೂ ಬಂತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಲೆಡರ್ಲೆ ಪ್ರಯೋಗಾಲಯದಲ್ಲಿ ಅಮೈನಾಪ್ಟೆರಿನ್ ತಯಾರಿಸಿತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅದನ್ನ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಕೆಲವು ಕಾಲ ಸುಧಾರಿಸಿದರು. 1948ರಲ್ಲಿ ಇದು ಪ್ರಕಟವಾದಾಗ ಜಗತ್ತಿಗೇ ಸುದ್ದಿ.

ಆದರೆ ಹೊಸ ತೊಡಕು ಎದುರಾಯ್ತು. ಔಷಧಿ ಕ್ಯಾನ್ಸರ್ ಕಣವನ್ನ ಹೊಡೆಯುವಾಗ ಒಳ್ಳೆಯ ಮಜ್ಜೆಯನ್ನೂ ಹೊಡೆಯುತ್ತೆ. ಪ್ಲೇಟ್‌ಲೆಟ್ ಇನ್ನೂ ಕುಸಿಯುತ್ತೆ. ಔಷಧಿ ತನ್ನ ಕೆಲಸ ಮುಗಿಸೋ ಮೊದಲೇ ಮಗು ರಕ್ತಸ್ರಾವದಿಂದ ಹೋಗಿಬಿಡ್ತಾ ಇತ್ತು.

1955ರಲ್ಲಿ ವಾಷಿಂಗ್ಟನ್ ಹತ್ತಿರದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಎಮಿಲ್ ಫ್ರೈರೈಕ್ ಅನ್ನೋ ಯುವ ವೈದ್ಯರು ಸೇರಿದರು. ಅಲ್ಲಿನ ಮಕ್ಕಳ ವಾರ್ಡ್‌ನ ಹಾಸಿಗೆ, ದಿಂಬು, ನರ್ಸ್‌ಗಳ ಬಟ್ಟೆ ಎಲ್ಲ ರಕ್ತದ ಕಲೆ. ರಕ್ತದಲ್ಲಿ ಹೆಪ್ಪುಗಟ್ಟೋದನ್ನ ತಡೆಯೋ ವಸ್ತು ಏನೋ ಸೇರಿಕೊಂಡಿದೆ ಅನ್ನೋದು ಆಗಿನ ಕೆಲವರ ನಂಬಿಕೆ. ಫ್ರೈರೈಕ್ ತಮ್ಮದೇ ರಕ್ತ ತೆಗೆದು ಮಕ್ಕಳ ರಕ್ತದ ಜೊತೆ ಬೆರೆಸಿ ನೋಡಿದರು. ಅಂಥ ವಸ್ತು ಇದ್ದಿದ್ದರೆ ಅದು ಹೆಪ್ಪುಗಟ್ಟಬಾರದಿತ್ತು. ಆದರೆ ಸರಿಯಾಗಿಯೇ ಹೆಪ್ಪುಗಟ್ಟಿತು. ಕೊರತೆ ಇದ್ದದ್ದು ಪ್ಲೇಟ್‌ಲೆಟ್‌ನದ್ದೇ ಅಂತ ಅವರಿಗೆ ಖಾತ್ರಿಯಾಯ್ತು. ತಾಜಾ ಪ್ಲೇಟ್‌ಲೆಟ್ ಕೊಡೋಕೆ ಶುರು ಮಾಡಿದ ಮೇಲೆ ವಾರ್ಡ್‌ನಲ್ಲಿ ರಕ್ತಸ್ರಾವ ತಗ್ಗಿತು. ಆಗ ವೈದ್ಯರಿಗೆ ನಾಲ್ಕು ಔಷಧಿಗಳನ್ನ ಒಟ್ಟಿಗೆ ಕೊಡೋ ಧೈರ್ಯ ಬಂತು. ಇವತ್ತು ಮಕ್ಕಳ ಲ್ಯುಕೇಮಿಯಾ ಗುಣವಾಗೋ ಕಾಯಿಲೆಗಳ ಸಾಲಿಗೆ ಬಂದಿದೆ ಅಂದರೆ ಅದರ ಹಿಂದೆ ಔಷಧಿಯಷ್ಟೇ ಪಾಲು ದಾನಿಗಳ ಪ್ಲೇಟ್‌ಲೆಟ್‌ಗೂ ಇದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಗೆರೆ ಎಲ್ಲಿಂದ ಬಂತು?

1962ರಲ್ಲಿ ಗೇಡೋಸ್, ಫ್ರೈರೈಕ್ ಮತ್ತು ಮ್ಯಾಂಟೆಲ್ ಲ್ಯುಕೇಮಿಯಾ ರೋಗಿಗಳ ಲೆಕ್ಕಗಳನ್ನ ಜೋಡಿಸಿ ಒಂದು ಲೇಖನ ಪ್ರಕಟಿಸಿದರು. ಪ್ಲೇಟ್‌ಲೆಟ್ ಇಳಿದಷ್ಟೂ ರಕ್ತಸ್ರಾವ ಹೆಚ್ಚು ಅಂತ ತೋರಿಸಿದರು. ಸ್ವಾರಸ್ಯ ಏನು ಗೊತ್ತಾ? ‘ಇದಕ್ಕಿಂತ ಕೆಳಗೆ ಅಪಾಯ, ಮೇಲೆ ಕ್ಷೇಮ’ ಅನ್ನೋ ಒಂದು ಗಡಿ ಅವರಿಗೆ ಸಿಗಲೇ ಇಲ್ಲ. ಆದರೂ ಆಸ್ಪತ್ರೆಗಳಲ್ಲಿ 20,000 ಅನ್ನೋದು ನಿಯಮವಾಗಿ ನಿಂತುಬಿಡ್ತು. ಇನ್ನೊಂದು ವಿಷಯ: ಆ ಕಾಲದಲ್ಲಿ ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡ್ತಾ ಇದ್ದರು. ಆಸ್ಪಿರಿನ್ ಇರೋ ಪ್ಲೇಟ್‌ಲೆಟ್‌ನ ಕೈಯನ್ನೂ ಕಟ್ಟಿಹಾಕುತ್ತೆ ಅನ್ನೋದು ಆಗ ತಿಳಿದಿರಲಿಲ್ಲ.

ಈ ನಿಯಮವನ್ನ ಸರಿಯಾಗಿ ಪರೀಕ್ಷೆ ಮಾಡೋಕೆ 35 ವರ್ಷ ಬೇಕಾಯ್ತು. 1997ರಲ್ಲಿ ಇಟಲಿಯ ಆಸ್ಪತ್ರೆಗಳಲ್ಲಿ 255 ರೋಗಿಗಳನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 20,000ಕ್ಕಿಂತ ಇಳಿದಾಗ ಪ್ಲೇಟ್‌ಲೆಟ್, ಇನ್ನೊಂದಕ್ಕೆ 10,000ಕ್ಕಿಂತ ಇಳಿದಾಗ. ದೊಡ್ಡ ರಕ್ತಸ್ರಾವದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿಗೆ ಬೇಕಾದ ಪ್ಲೇಟ್‌ಲೆಟ್ ಮಾತ್ರ ಸುಮಾರು ಐದನೇ ಒಂದು ಪಾಲು ಕಡಿಮೆ. ಆಗಿನಿಂದ ಜಗತ್ತಿನ ಹೆಚ್ಚಿನ ಕಡೆ ಗೆರೆ 10,000.

ಹಾಗಾಗಿ 14,000 ಇದ್ದು, ಜ್ವರ ಇಲ್ಲದೆ, ರಕ್ತ ಎಲ್ಲೂ ಹೋಗದೆ ಇದ್ದಾಗ ಡಾಕ್ಟರ್ ಕಾಯೋಣ ಅಂದರೆ ಅದು ಉದಾಸೀನ ಆಗಿರಬೇಕಿಲ್ಲ. ಜ್ವರ ಅಥವಾ ಸೋಂಕು ಇದ್ದರೆ, ಏನಾದರೂ ಆಪರೇಷನ್ ಆಗಬೇಕಿದ್ದರೆ, ಎಪಿಎಲ್ ಅನ್ನೋ ಬಗೆಯ ಲ್ಯುಕೇಮಿಯಾ ಆಗಿದ್ದರೆ ಗೆರೆ ಮೇಲಕ್ಕೆ ಹೋಗುತ್ತೆ. ರಕ್ತ ಹೋಗ್ತಾ ಇದ್ದರಂತೂ ಲೆಕ್ಕ ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆ.

ಇಲ್ಲಿ ಚರಿತ್ರೆ ನಮ್ಮ ಘಟ್ಟದ ರಸ್ತೆಗೆ ಬಂದು ಸೇರುತ್ತೆ. ಕೆಂಪು ಕಣಗಳನ್ನ ಫ್ರಿಜ್‌ನಲ್ಲಿ 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಚಳಿಗೆ ಬಾಳಲ್ಲ. 1969ರಲ್ಲಿ ಮರ್ಫಿ ಮತ್ತು ಗಾರ್ಡ್‌ನರ್ ಅನ್ನೋ ಇಬ್ಬರು ಸಂಶೋಧಕರು ಅದನ್ನ 22 ಡಿಗ್ರಿಯಲ್ಲಿ, ಅಂದರೆ ಕೋಣೆಯ ಹದದಲ್ಲಿ ಇಡಬೇಕು ಅಂತ ತೋರಿಸಿದರು. ಅದಕ್ಕೇ ಬ್ಲಡ್ ಬ್ಯಾಂಕ್‌ನಲ್ಲಿ ಆ ಹಳದಿ ಚೀಲಗಳನ್ನ ಹಗಲೂ ರಾತ್ರಿ ತೂಗೋ ಯಂತ್ರದ ಮೇಲೆ ಇಟ್ಟಿರ್ತಾರೆ. ಅಷ್ಟು ಮಾಡಿದರೂ ಆಯಸ್ಸು 5 ದಿನ. ಮೊನ್ನೆ ಕೊಟ್ಟದ್ದು ಮುಂದಿನ ವಾರಕ್ಕಿಲ್ಲ.

ಐದೇ ದಿನ ಬಾಳೋ ವಸ್ತುವನ್ನ ಊರೂರಲ್ಲಿ ದಾಸ್ತಾನು ಇಡೋದು ಕಷ್ಟ. ಹಾಗಾಗಿ ರೋಗಿಯೇ ಅದು ಇರೋ ಕಡೆ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಮಣಿಪಾಲ ಇನ್ನೂ ದೂರ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ ಇರೋ ಬೆಂಗಳೂರಿಗೆ ಒಂದು ರಾತ್ರಿಯ ಬಸ್ ಪ್ರಯಾಣ. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಉರುಳಿ ನಾಲ್ವರು ತೀರಿಕೊಂಡಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದ ಯುವಕರು ಜಾಲತಾಣದಲ್ಲಿ ಕೂಗೆಬ್ಬಿಸಿದ್ದು ನಿಮಗೆ ನೆನಪಿರಬಹುದು. ಕಿಮೊ ಮುಗಿಸಿ ಹಳ್ಳಿಗೆ ವಾಪಸ್ ಬಂದವರಿಗೆ ಆ ದೂರದ ಅರ್ಥ ಇನ್ನೂ ಚೆನ್ನಾಗಿ ಗೊತ್ತು.

ಆದ್ದರಿಂದ ಲೆಕ್ಕ ಕಡಿಮೆ ಇರೋ ದಿನಗಳಲ್ಲಿ ಮನೆಯ ಎಚ್ಚರ ಮುಖ್ಯ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಂತ ಅಂಗಡಿ ಮಾತ್ರೆ ನುಂಗೋದು ಬೇಡ. ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳೋ ಮೊದಲು ಕಾಯಿಲೆ ಏನು ಅಂತ ಹೇಳಬೇಕು. ಹಲ್ಲಿಗೆ ಮೆತ್ತನೆ ಬ್ರಷ್. ಮಲಬದ್ಧತೆ ಆಗದ ಹಾಗೆ ನೋಡ್ಕೋಬೇಕು. ಅಡಿಕೆ ಸುಲಿಯೋ ಮೆಟ್ಟುಗತ್ತಿಯಿಂದ ದೂರ. ಮಳೆಗಾಲದಲ್ಲಿ ತೋಟ, ಬೆಟ್ಟದ ಕಡೆ ಹೋಗೋದು ಬೇಡ. ಉಂಬಳ ಕಚ್ಚಿದರೆ ಆರೋಗ್ಯವಂತರಿಗೇ ರಕ್ತ ಬೇಗ ನಿಲ್ಲಲ್ಲ, ಯಾಕಂದ್ರೆ ಅದು ಹೆಪ್ಪುಗಟ್ಟದ ಹಾಗೆ ಮಾಡೋ ರಸ ಬಿಟ್ಟಿರುತ್ತೆ. ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಫೋನ್ ಮಾಡಿ. ನಿಲ್ಲದ ಮೂಗಿನ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ವಿಪರೀತ ಸ್ರಾವ, ಜೋರು ತಲೆನೋವು, ವಾಂತಿ, ಮಂಪರು, 100.4 ಡಿಗ್ರಿ ಮೀರಿದ ಜ್ವರ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಕೊನೆಯ ಅಧ್ಯಾಯ ಕೊಡೋರದ್ದು. ಒಬ್ಬ ಎಂಜಿನಿಯರ್ ಹೆಸರು ಇಲ್ಲಿ ಬರಬೇಕು: ಐಬಿಎಂ ಕಂಪನಿಯ ಜಾರ್ಜ್ ಜಡ್ಸನ್. ಅವರ ಮಗನಿಗೇ ಲ್ಯುಕೇಮಿಯಾ. ಅವರು ಫ್ರೈರೈಕ್ ಜೊತೆ ಸೇರಿ 1960ರ ದಶಕದಲ್ಲಿ ರಕ್ತಕಣ ಬೇರ್ಪಡಿಸೋ ಯಂತ್ರ ರೂಪಿಸಿದರು. ದಾನಿಯ ರಕ್ತ ಒಂದು ಕಡೆಯಿಂದ ಹೋಗಿ, ಬೇಕಾದ ಕಣ ಬಿಟ್ಟು, ಉಳಿದದ್ದು ವಾಪಸ್ ಮೈಗೆ. ಇವತ್ತು ಆಸ್ಪತ್ರೆಯಲ್ಲಿ ‘ಎಸ್‌ಡಿಪಿ ದಾನಿ ಕರ್ಕೊಂಡು ಬನ್ನಿ’ ಅಂತಾರಲ್ಲ, ಅದು ಈ ಯಂತ್ರದ ವಂಶ. ಒಬ್ಬ ದಾನಿಯಿಂದ ಹೀಗೆ ಸಿಗೋದು ಮಾಮೂಲಿ ಐದಾರು ಚೀಲ ರಕ್ತದಿಂದ ತೆಗೆದ ಪ್ಲೇಟ್‌ಲೆಟ್‌ಗೆ ಸಮ. ಹಿಡಿಯೋದು ಒಂದು, ಒಂದೂವರೆ ಗಂಟೆ. ಕೊಟ್ಟದ್ದು ಕೆಲವೇ ದಿನದಲ್ಲಿ ಮೈಯಲ್ಲಿ ಮತ್ತೆ ತುಂಬಿಕೊಳ್ಳುತ್ತೆ.

ನಮ್ಮ ದೇಶದಲ್ಲಿ ಬಹಳ ಕಾಲ ಬಡವರು ದುಡ್ಡಿಗೆ ರಕ್ತ ಮಾರ್ತಾ ಇದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಎರಡು ವರ್ಷದೊಳಗೆ ಅದನ್ನ ನಿಲ್ಲಿಸಿ ಅಂತ ತೀರ್ಪು ಕೊಟ್ಟಿತು. ಆಮೇಲೆ ಉಳಿದದ್ದು ನೆಂಟರು, ಗೆಳೆಯರು ಮತ್ತು ಸ್ವಂತ ಮನಸ್ಸಿನಿಂದ ಬರೋ ಅಪರಿಚಿತರು. ನೆಂಟರ ಬಗ್ಗೆ ಒಂದು ಎಚ್ಚರಿಕೆ: ಮುಂದೆ ಮಜ್ಜೆ ಕಸಿ ಮಾಡೋ ಯೋಚನೆ ಇದ್ದರೆ ಒಡಹುಟ್ಟಿದವರ ರಕ್ತ ಮೊದಲೇ ಕೊಡಬಾರದು ಅಂತ ವೈದ್ಯರು ಹೇಳ್ತಾರೆ. ಕೇಳಿಕೊಂಡೇ ಮುಂದುವರಿಯಿರಿ.

ಅಂದರೆ ಅಣ್ಣ ತಮ್ಮ ಇದ್ದರೂ ಹೊರಗಿನವರು ಬೇಕಾಗಬಹುದು. ಹೇರೂರಿನ ರೋಗಿ ಬೆಂಗಳೂರಿನ ವಾರ್ಡ್‌ನಲ್ಲಿ ಮಲಗಿರುವಾಗ, ಅವರ ಊರಿನ ಹತ್ತಾರು ಹುಡುಗ ಹುಡುಗಿಯರು ಅದೇ ಬೆಂಗಳೂರಿನ ಪಿಜಿಗಳಲ್ಲಿ, ಆಫೀಸ್‌ಗಳಲ್ಲಿ ಇರ್ತಾರೆ. ಚೀಲದಲ್ಲಿ 5 ದಿನಕ್ಕಿಂತ ಹೆಚ್ಚು ಬಾಳದ ಪ್ಲೇಟ್‌ಲೆಟ್ ಅವರ ಮೈಯಲ್ಲಿ ದಿನಾ ಹೊಸದಾಗಿ ಹುಟ್ತಾ ಇರುತ್ತೆ. ನಿಮ್ಮ ಊರಿನ ಗ್ರೂಪ್‌ನಲ್ಲಿ ಯಾರ ರಕ್ತದ ಗುಂಪು ಯಾವುದು, ಯಾರು ಯಾವ ಏರಿಯಾದಲ್ಲಿದ್ದಾರೆ ಅಂತ ಒಂದು ಪಟ್ಟಿ ಇವತ್ತೇ ಮಾಡಿಡಿ. ಅವಸರದ ಮೆಸೇಜ್ ಬರೋ ರಾತ್ರಿಗೆ ಅದು ಬೇಕಾಗುತ್ತೆ.